ಜಲಾಲುದ್ದೀನ ತಿರುಗಿಸಿದ ಸ್ಕ್ರೂ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ, ಆಮೇಲೆ ಜಲಾಲುದ್ದೀನನದು. ನನ್ನದನ್ನು ಮುಚ್ಚಿಟ್ಟುಕೊಂಡು ಅವನದನ್ನಷ್ಟೇ ಊರಿಗೆಲ್ಲ ಹಂಚಿದರೆ ಅದು ನ್ಯಾಯವಲ್ಲ. ಮೇಲಾಗಿ ಅವನು ನಲವತ್ತು ವರ್ಷದ ಗೆಳೆಯ. ಬೈಯುವ ಹಕ್ಕು ನನಗಿದೆ, ಮಾನ ಕಳೆಯುವ ಹಕ್ಕಿಲ್ಲ.

ಹೋದ ಶ್ರಾವಣದಲ್ಲಿ ‘ಕೆಂಪುಗುಡ್ಡ ಮೆಲೋಡೀಸ್’ನವರು ಇಪ್ಪತ್ತೇಳು ವರ್ಷದ ಮೇಲೆ ಮತ್ತೆ ಕೂಡಿ ಹೊಸ ಆಲ್ಬಂ ಬಿಟ್ಟರು. ಹೆಸರು ‘ಮತ್ತ ಬಂದೇವಿ’. ದೂರದ ಊರಿನವರಿಗೆ ಈ ತಂಡ ಗೊತ್ತಿರಲಿಕ್ಕಿಲ್ಲ. ಬಾದಾಮಿ ಕಡೆಯ ನಾಲ್ಕು ಜನ ಸೇರಿ ಕಟ್ಟಿದ್ದು. ಕೀಬೋರ್ಡಿಗೆ ಅಮರೇಶ, ಗಿಟಾರಿಗೆ ಒಬ್ಬ, ಡ್ರಮ್ಮಿಗೆ ಒಬ್ಬ, ಹಾಡುವವರು ಚೊಳಚಗುಡ್ಡದ ಬಸವೇಶ್ವರಿ ಅಕ್ಕಾರು. ನಮ್ಮ ಆಡುಮಾತಿನಲ್ಲೇ ಪಾಪ್ ಹಾಡು ಮಾಡಬಹುದು ಅಂತ ನಮಗೆ ತೋರಿಸಿದವರು ಇವರು. ತೊಂಬತ್ತೈದರಲ್ಲಿ ಬಂದ ಅವರ ಒಂದೇ ಒಂದು ಕ್ಯಾಸೆಟ್ಟು ‘ಓಣಿ ದೀಪ’, ಹತ್ತು ಹಾಡಿನದು. ಇಳಕಲ್ಲಿನಲ್ಲಿ, ಹುನಗುಂದದಲ್ಲಿ ಮಗ್ಗ ಇದ್ದ ಮನೆಯಲ್ಲೆಲ್ಲ ಅದು ಇತ್ತು. ನಾವು ನೇಕಾರರು ಅದನ್ನು ಬರೀ ಕೇಳುತ್ತಿರಲಿಲ್ಲ, ಅದರ ತಾಳಕ್ಕೆ ನೇಯುತ್ತಿದ್ದೆವು. ತಾಳದ ಒಂದು ಪೆಟ್ಟು ಬಿದ್ದರೆ ನೂಲಿನ ಲಾಳಿ ಆ ಕಡೆ, ಇನ್ನೊಂದು ಬಿದ್ದರೆ ಈ ಕಡೆ. ಹತ್ತೂ ಹಾಡು ಮುಗಿಯುವಷ್ಟರಲ್ಲಿ ಎಷ್ಟು ಸೀರೆ ಇಳಿದಿರುತ್ತದೆ ಅಂತ ಅಳೆಯದೇ ಹೇಳುತ್ತಿದ್ದೆ. ಆಗ ನನಗೆ ಇಪ್ಪತ್ತೈದು. ಈಗ ಐವತ್ತೈದು ದಾಟಿದರೂ ಅದೇ ಮಗ್ಗ, ಅದೇ ಹಾಡು. ಕ್ಯಾಸೆಟ್ಟು ಹೋಗಿ ಮೊಬೈಲು ಬಂದದ್ದಷ್ಟೇ ಬದಲಾವಣೆ.

ಹೊಸ ಆಲ್ಬಂ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಓಣಿಯ ಏಳೆಂಟು ನೇಕಾರರು ಕೆಲಸ ಬಿಟ್ಟು ಬಂದು ಕೂತಿದ್ದರು. ಐದು ಹಳೆಯ ಹಾಡು ಮತ್ತೆ ಹಾಡಿದ್ದರು, ಮೂರು ಹೊಸವು. ಮೊಬೈಲನ್ನು ಸ್ಪೀಕರಿಗೆ ಹಚ್ಚಿ ನಾನು ಮಗ್ಗದ ಕುಣಿಯಲ್ಲಿ ಇಳಿದು ಕೂತೆ. ಹಾಡು ಶುರುವಾಯಿತು. ನಾಲ್ಕು ಪೆಟ್ಟು ಹಾಕುವುದರೊಳಗೆ ನನ್ನ ಕೈ ಮುಂದೆ, ಹಾಡು ಹಿಂದೆ. ಮತ್ತೆ ಕೂಡಿಸಿಕೊಂಡೆ, ಮತ್ತೆ ತಪ್ಪಿತು. ಇನ್ನು ದನಿ ಅಂತೂ ಕೇಳುವುದೇ ಬೇಡ. ‘ಓಣಿ ದೀಪ’ದ ಬಸವೇಶ್ವರಿ ಅಂದರೆ ಹದಿನಾರರ ಹುಡುಗಿಯ ಎಳೇ ದನಿ. ಇದು ದಪ್ಪ, ಭಾರ. ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ಯಾಸ್ಮೀನ ಕೈ ನಿಲ್ಲಿಸಿ ಅಕ್ಕಾರಿಗೆ ಮೈಯಾಗ ಆರಾಮಿಲ್ಲೇನು ಅಂತ ಕೇಳಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಇಪ್ಪತ್ತೇಳು ವರ್ಷ ಕಾದದ್ದು ಇದಕ್ಕೇನು ಅನ್ನುವ ಸಿಟ್ಟು.

ಆ ಸಿಟ್ಟಿನಲ್ಲೇ ಹಾಡಿನ ಕೆಳಗೆ ಕಮೆಂಟು ಹಾಕಿದೆ. ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ, ಅದು ನನಗೆ ಬೇಕಾದ ಶಿಕ್ಷೆ: “ಅಕ್ಕಾರ, ನಿಮ್ಮ ದನಿಗೆ ಮುಪ್ಪು ಬಂದೈತಿ. ನಮ್ಮ ಮಗ್ಗ ನಿಂತು ಹೋತು. ಹಳೇದನ್ನ ಹಾಳ ಮಾಡಬ್ಯಾಡ್ರಿ, ಮನ್ಯಾಗ ಕುಂದರ್ರಿ.”

ಸಂಜೆಗೆ ಅದಕ್ಕೆ ಒಂಬೈನೂರು ಮಂದಿ ಹೌದು ಹೌದು ಅಂತ ಹೆಬ್ಬೆರಳು ಎತ್ತಿದ್ದರು. ನಾನು ಊಟದ ತಾಟಿನ ಮುಂದೆ ಕೂತು ಅದನ್ನು ಹೆಂಡತಿಗೆ ತೋರಿಸಿದೆ. ಕೆಳಗೆ ಇನ್ನೂ ನೂರಾರು ಮಂದಿ ಸೇರಿಕೊಂಡಿದ್ದರು. ದನಿ ಸತ್ತಿದೆ ಅಂದವರು, ಇವರು ಅವರೇ ಅಲ್ಲ, ಯಾರೋ ಡೂಪ್ಲಿಕೇಟು ಅಂದವರು, ಹಾಡಿಗೆ ನಿದ್ದೆ ಬಂದಿದೆ ಅಂದವರು. ಬರೆದವರೆಲ್ಲ ಅಭಿಮಾನಿಗಳೇ. ಅಭಿಮಾನ ಇಲ್ಲದವರು ಇಷ್ಟು ಬೈಯುವ ಉಸಾಬರಿಗೆ ಹೋಗುವುದಿಲ್ಲ.

ವಾರದ ಮೇಲೆ ಕೀಬೋರ್ಡಿನ ಅಮರೇಶ ಒಂದು ವಿಡಿಯೋ ಬಿಟ್ಟ. ಅದಾದ ಎರಡನೇ ರವಿವಾರ ಬಾಗಲಕೋಟೆಯಲ್ಲಿ ಅವರ ದೊಡ್ಡ ಕಾರ್ಯಕ್ರಮ ಇತ್ತು. ಬಸವೇಶ್ವರಿ ಅಕ್ಕಾರು ಬರುವುದಿಲ್ಲ ಅಂದಿದ್ದಾರಂತೆ. ಜನ ಹೇಳಿದ್ದು ಖರೆ, ನನ್ನ ದನಿ ತೊಂಬತ್ತೆಂಟರಲ್ಲೇ ಹೋಗಿದೆ, ನಿಮ್ಮ ಒತ್ತಾಯಕ್ಕೆ ಈ ಆಲ್ಬಮ್ಮಿಗೆ ಹಾಡಿದೆ, ಇನ್ನು ಬಾಯಿ ತೆರೆಯುವುದಿಲ್ಲ ಅಂತ. ಹಾಡಿದ್ದು ಮೊದಲಿನ ಸ್ವರದಲ್ಲೇ, ಕೀಬೋರ್ಡಿನಲ್ಲಿ ನಾನೇ ಸ್ವರ ಹಿಡಿದುಕೊಟ್ಟದ್ದು ಅಂತ ಅಮರೇಶ ಎಷ್ಟು ಹೇಳಿದರೂ ಅವರು ನಂಬಲಿಲ್ಲವಂತೆ. ಅವರು ಬರದಿದ್ದರೆ ಕಾರ್ಯಕ್ರಮವಿಲ್ಲ, ತಂಡವೂ ಇಲ್ಲ ಅಂತ ಹೇಳಿ ಅಮರೇಶ ಕೈ ಮುಗಿದ. ನಾನು ನೋಡಿ ಮೊಬೈಲು ಬೋರಲು ಇಟ್ಟೆ.

ಅದೇ ಸಂಜೆ ಜಲಾಲುದ್ದೀನ ಮನೆಗೆ ಬಂದ. ಕಂಕುಳಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಟೇಪ್ ಡೆಕ್ಕು, ಕೈಯಲ್ಲಿ ಒಂದು ಬಿಸ್ಕೀಟಿನ ಡಬ್ಬಿ. ಒಳಗೆ ಬಾ ಅಂದರೆ ಬಾಗಿಲಲ್ಲೇ ನಿಂತ.

ಜಲಾಲುದ್ದೀನ ಯಾರು ಅಂತ ಇಳಕಲ್ಲಿನಲ್ಲಿ ಕೇಳಿದರೆ ಈಗಿನ ಹುಡುಗರು ಮೊಬೈಲ್ ರಿಪೇರಿ ಕಾಕಾ ಅನ್ನುತ್ತಾರೆ. ನಮ್ಮ ಕಾಲದವರಿಗೆ ಅವನು ‘ನೂರ್ ರೆಕಾರ್ಡಿಂಗ್ ಸೆಂಟರ್’. ಬಸ್‌ಸ್ಟ್ಯಾಂಡಿನ ಹತ್ತಿರ ನಾಲ್ಕು ಹೆಜ್ಜೆ ಅಗಲದ ಅಂಗಡಿ. ಬೇಕಾದ ಹಾಡಿನ ಪಟ್ಟಿ ಬರೆದುಕೊಟ್ಟರೆ ಎರಡು ದಿನಕ್ಕೆ ಕ್ಯಾಸೆಟ್ಟು ತುಂಬಿಸಿ ಕೊಡುತ್ತಿದ್ದ. ಹಸಿರು ಶಾಯಿಯಲ್ಲಿ, ಮುತ್ತು ಜೋಡಿಸಿದ ಅಕ್ಷರದಲ್ಲಿ, ಕನ್ನಡದಲ್ಲಿ ಹಾಡುಗಳ ಹೆಸರು ಬರೆಯುತ್ತಿದ್ದ. ಅವನ ಹೆಂಡತಿ ಹುಸೇನಬಿ ಅವನ ಕಾಗದ ನೋಡಿಯೇ ಮದುವೆಗೆ ಒಪ್ಪಿಕೊಂಡಳಂತೆ, ಮುಖ ಆಮೇಲೆ ನೋಡಿದಳಂತೆ. ಬೇರೆ ರೆಕಾರ್ಡಿಂಗಿನವರು ರೀಲು ಮುಗಿದಲ್ಲಿ ಹಾಡನ್ನು ಕಡಿದು ಬಿಡುತ್ತಿದ್ದರು, ಗಿರಾಕಿ ಅರ್ಧ ಹಾಡು ಕೇಳಿ ಬಾಯಿ ಚಪ್ಪರಿಸಬೇಕು. ಜಲಾಲುದ್ದೀನನ ಕ್ಯಾಸೆಟ್ಟಿನಲ್ಲಿ ಹಾಗೆ ಒಂದು ಹಾಡೂ ತುಂಡಾಗಿಲ್ಲ. ಅದು ಅವನ ಜಂಬ. ಅರ್ಧ ಹಾಡು ಕೊಡುವುದೂ ಉಣ್ಣಲು ಕೂತವನ ತಾಟು ಎಳೆಯುವುದೂ ಒಂದೇ ಅನ್ನುತ್ತಿದ್ದ.

ಆ ಜಂಬದ ಒಳಗಿದ್ದದ್ದನ್ನು ಅವನು ಅವತ್ತು ನನ್ನ ಮಗ್ಗದ ಮುಂದೆ ಕೂತು ಬಿಚ್ಚಿದ.

‘ಓಣಿ ದೀಪ’ದ ಅಸಲು ಕ್ಯಾಸೆಟ್ಟು ಅರವತ್ತಾರು ನಿಮಿಷದ್ದು. ಇಳಕಲ್ಲಿಗೆ ಬಂದದ್ದು ಒಂದೇ ಒಂದು, ಇವನು ಬಾಗಲಕೋಟೆಯಿಂದ ತಂದದ್ದು. ಇವನಿಗೆ ಸಿಗುತ್ತಿದ್ದ ಖಾಲಿ ಕ್ಯಾಸೆಟ್ಟು ಅರವತ್ತು ನಿಮಿಷದ್ದು. ಎರಡೂ ಬದಿಯ ಕೊನೆಯ ಹಾಡಿಗೆ ಬಾಲ ಕಡಿಯಬೇಕು. ಜಲಾಲುದ್ದೀನ ಕಡಿಯುವವನಲ್ಲ. ಡೆಕ್ಕಿನ ಮೋಟಾರಿನ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ, ಒಳಗೊಂದು ಸ್ಕ್ರೂ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅಸಲು ಓಡುವುದು ಸ್ವಲ್ಪ ಜೋರಾಗುತ್ತದೆ. ಹಾಗೆ ಓಡಿಸುತ್ತ ಇನ್ನೊಂದು ಡೆಕ್ಕಿನಲ್ಲಿ ನಕಲು ತೆಗೆದರೆ ಅರವತ್ತಾರು ನಿಮಿಷ ಅರವತ್ತರಲ್ಲಿ ಕೂರುತ್ತದೆ. ಹತ್ತೂ ಹಾಡು ಪೂರ್ತಿ. ತಾಳ ಚುರುಕು, ದನಿ ತೆಳು. ಕೇಳಿದವರೆಲ್ಲ ಎಂಥ ಹಾಡು, ಎಂಥ ಎಳೇ ದನಿ ಅಂದರು. ಇವನೂ ಖುಷಿಯಾದ. ಹುನಗುಂದ, ಇಳಕಲ್ಲ, ಆಚೆ ಮರೋಳದವರೆಗೆ ಹೋದದ್ದೆಲ್ಲ ಇವನ ನಕಲೇ, ನಕಲಿನ ನಕಲೇ. ಮೊಬೈಲು ಬಂದ ಮೇಲೆ ಯೂಟ್ಯೂಬಿಗೆ ಏರಿಸಿದ್ದೂ ಇವನೇ, ಆ ನಕಲನ್ನೇ. ಹದಿನೆಂಟು ಲಕ್ಷ ಸಲ ಕೇಳಿದ್ದಾರೆ ಜನ ಅದನ್ನು.

ನಾನು ನಂಬಲಿಲ್ಲ. ಅವನು ಮಾತಾಡದೆ ಡಬ್ಬಿಯಿಂದ ಅಸಲು ಕ್ಯಾಸೆಟ್ಟು ತೆಗೆದು ಡೆಕ್ಕಿಗೆ ಹಾಕಿದ. ಸ್ಕ್ರೂವನ್ನು ಮೂವತ್ತು ವರ್ಷದ ಮೇಲೆ ಅವತ್ತೇ ಹಿಂದಕ್ಕೆ ತಿರುಗಿಸಿ ತಂದಿದ್ದ. ಹಾಡು ಬಂತು. ಅದೇ ದಪ್ಪ ದನಿ. ಅದೇ ನಿಧಾನ. ನಾನು ಮುಪ್ಪು ಅಂತ ಬರೆದ ದನಿ ಇಪ್ಪತ್ತೆಂಟು ವರ್ಷದ ಹೆಣ್ಣುಮಗಳ ದನಿಯಾಗಿತ್ತು. ಅವರು ಮೊದಲಿನಿಂದಲೂ ಹಾಗೇ ಹಾಡುತ್ತಿದ್ದರು, ನಾವು ಅವರನ್ನು ಒಂದು ದಿನವೂ ಕೇಳಿರಲಿಲ್ಲ.

ಆಗ ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಒಳಗಿಂದ ಬಂದು ನೋಡಿ ಹೋದಳು. ಜಲಾಲುದ್ದೀನ ತಲೆ ಎತ್ತಲಿಲ್ಲ. ನಾನು ದಣಿದು ನಿಂತ ಮೇಲೇ ಬಾಯಿ ಬಿಟ್ಟ.

“ಇನ್ನೂ ಐತಿ ಶಂಕ್ರಪ್ಪ. ದೊಡ್ಡದು ಇನ್ನೂ ಹೇಳಿಲ್ಲ.”

ತೊಂಬತ್ತೆಂಟರಲ್ಲಿ ಹುನಗುಂದದಲ್ಲಿ ಕೆಂಪುಗುಡ್ಡದವರ ಕಾರ್ಯಕ್ರಮ ಆಗಿತ್ತು. ನಾನೂ ಹೋಗಿದ್ದೆ. ಬಸವೇಶ್ವರಿ ಹಾಡಲು ಶುರು ಮಾಡಿದ ಕೂಡಲೇ ಜನ ಇವಳು ಅವಳಲ್ಲ, ಡೂಪ್ಲಿಕೇಟು ಅಂತ ಕೂಗಿದರು. ಮೂರನೆಯ ಹಾಡಿಗೆ ಅರ್ಧ ಮೈದಾನ ಖಾಲಿ. ಕೂಗಿದವರಲ್ಲಿ ನಾನೂ ಇದ್ದೆ ಅಂತ ಈಗ ಬೇರೆ ಹೇಳಬೇಕಾಗಿಲ್ಲ. ಹಿಂದಿನ ಸಾಲಿನಲ್ಲಿ ನಿಂತಿದ್ದ ಜಲಾಲುದ್ದೀನನಿಗೆ ಮಾತ್ರ ಎಲ್ಲ ತಿಳಿದಿತ್ತು. ಮರುದಿನ ಬೆಳಿಗ್ಗೆ ಬಸವೇಶ್ವರಿ ಇಳಕಲ್ಲಿಗೆ ಬಂದು ಕೇಳುತ್ತ ಕೇಳುತ್ತ ಇವನ ಅಂಗಡಿ ಹುಡುಕಿದಳಂತೆ. ತನ್ನ ಹತ್ತಿರ ಇದ್ದ ಕ್ಯಾಸೆಟ್ಟುಗಳನ್ನೆಲ್ಲ ಬೀಗರಿಗೆ ಬಂಧುಗಳಿಗೆ ಕೊಟ್ಟುಬಿಟ್ಟಿದ್ದಳು. ಜನ ಕೇಳುವ ಹಾಡನ್ನು ನನಗೂ ಒಮ್ಮೆ ಕೇಳಿಸಿರಿ ಅಂದಳಂತೆ. ಇವನು ನಕಲು ಹಾಕಿದ. ಅಸಲು ಇದ್ದ ಡಬ್ಬಿ ಅವಳ ಮೊಣಕಾಲಿನ ಹತ್ತಿರವೇ, ಟೇಬಲ್ಲಿನ ಕೆಳಗೆ ಇತ್ತು. ಅವಳು ಒಂದು ಹಾಡು ಪೂರ್ತಿ ಕೇಳಿ, ಇದು ನಾನೇ ಹಾಡಿದ್ದೇನ್ರಿ ಅಂತ ಕೇಳಿದಳು. ಇವನು ಹೌದ್ರಿ, ನೀವೇ ಹಾಡಿದ್ದು ಅಂದ.

“ಸುಳ್ಳ ಹೇಳಲಿಲ್ಲ ನೋಡು ನಾ,” ಅಂದ ಜಲಾಲುದ್ದೀನ. “ಅದ ನನಗ ಭಾಳ ಸುಡತೈತಿ. ಸುಳ್ಳರ ಹೇಳಿದ್ರ ಯಾವಾಗರ ಸಿಕ್ಕಿಬೀಳತಿದ್ದೆ.”

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅಂಗಡಿ ಮುಂದೆ ಗಿರಾಕಿ ನಿಂತಿದ್ದರಂತೆ. ನೂರ್ ರೆಕಾರ್ಡಿಂಗಿನವನು ಹಾಡು ಕೆಡಿಸಿದ್ದಾನೆ ಅಂತ ಒಬ್ಬನ ಕಿವಿಗೆ ಬಿದ್ದರೂ ಸಾಕಿತ್ತಂತೆ. ನಾಳೆ ಹೇಳಿದರಾಯಿತು, ಕಾಗದ ಬರೆದರಾಯಿತು ಅಂದುಕೊಂಡನಂತೆ. ಅವನ ಆ ಮುತ್ತಿನ ಅಕ್ಷರದಲ್ಲಿ ಒಂದು ಸಾಲು ಬರೆಯಲು ಇಪ್ಪತ್ತೇಳು ವರ್ಷ ಸಾಲಲಿಲ್ಲ. ಅಮರೇಶನ ವಿಡಿಯೋ ನೋಡಿ ಹುಸೇನಬಿಯ ಮುಂದೆ ಮೊದಲ ಸಲ ಬಾಯಿ ಬಿಟ್ಟಾಗ ಅವಳು ಒಲೆ ಆರಿಸಿ, ಚೊಳಚಗುಡ್ಡಕ್ಕೆ ಹೋಗಿ ಬಂದ ಮೇಲೇ ಊಟ ಅಂದಳಂತೆ.

ಮರುದಿನ ಮುಂಜಾನೆ ಇಬ್ಬರೂ ಹೊರಟೆವು. ಅವನು ಒಬ್ಬನೇ ಹೋಗಬೇಕಾದ ದಾರಿ ಅಂತ ಅನಿಸಿದರೂ, ಆ ಕಮೆಂಟು ಹಾಕಿದ ಕೈ ನನ್ನದಾಗಿತ್ತಲ್ಲ. ಬಾದಾಮಿಯಲ್ಲಿ ಬಸ್ಸು ಬದಲಿಸಿ ಬನಶಂಕರಿ ಗುಡಿಯ ಹತ್ತಿರ ಇಳಿಯುವವರೆಗೆ ಜಲಾಲುದ್ದೀನ ಡೆಕ್ಕನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಅಕ್ಕಾರು ಚೊಳಚಗುಡ್ಡದ ಮನೆಯ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಹಣೆಯ ಮೇಲೆ ವಿಭೂತಿ, ಮೂಗಿನ ಮೇಲೆ ಕನ್ನಡಕ. ಯಾರು ಅಂತ ಗೊತ್ತಾಗದಿದ್ದರೂ ಬರ್ರಿ ಕುಂದರ್ರಿ ಅಂತ ಚಾಪೆ ಹಾಸಿ, ನೀರು ಕೊಟ್ಟು, ಆಮೇಲೆ ಯಾವೂರು ಅಂತ ಕೇಳಿದರು. ಜಲಾಲುದ್ದೀನ ನೀರು ಮುಟ್ಟಲಿಲ್ಲ.

“ಅಕ್ಕಾರ, ತೊಂಬತ್ತೆಂಟರಾಗ ನೀವು ಇಳಕಲ್ಲದಾಗ ನಮ್ಮ ಅಂಗಡಿಗೆ ಬಂದಿದ್ರಿ.”

“ನೆನಪೈತ್ರಿ ಅಣ್ಣಾರ,” ಅಂದರು ಅವರು. “ನನಗ ಚಾ ಸುದ್ದಾ ತರಿಸಿಕೊಟ್ಟಿದ್ರಿ.”

ಆ ಚಹಾದ ಮಾತಿಗೆ ಅವನು ಅಳಲು ಶುರು ಮಾಡಿದ. ಅರವತ್ತೆರಡು ವರ್ಷದ ಮನುಷ್ಯ, ಬಿಳಿ ಗಡ್ಡ, ಹೆರವರ ಮನೆಯ ಪಡಸಾಲೆ. ಅಳುತ್ತಲೇ ಸ್ಕ್ರೂವಿನ ಕಥೆ ಪೂರ್ತಿ ಹೇಳಿದ, ಒಂದನ್ನೂ ಬಿಡಲಿಲ್ಲ. ಆಮೇಲೆ ಡೆಕ್ಕಿಗೆ ವೈರು ಹಚ್ಚಿ ಅಸಲು ಕ್ಯಾಸೆಟ್ಟು ಹಾಕಿದ. ಅಕ್ಕಾರು ಸುಲಿದ ಶೇಂಗಾ ಮುಷ್ಟಿಯಲ್ಲಿ ಹಿಡಿದುಕೊಂಡೇ ಕೇಳಿದರು. ಹಾಡು ಮುಗಿಯಿತು, ಮುಷ್ಟಿ ಬಿಚ್ಚಲಿಲ್ಲ. ಅವರು ಬೈದರೆ ಸಾಕು ಅಂತ ನಾನು ಒಳಗೊಳಗೇ ಬೇಡುತ್ತಿದ್ದೆ.

ಅವರು ಬೈಯಲಿಲ್ಲ. ಅವತ್ತು ಅಂಗಡಿಯಿಂದ ಹೋದ ಮೇಲೆ ಒಂದು ವರ್ಷ ಆ ಎಳೇ ದನಿಗೆ ಏರಬೇಕು ಅಂತ ದಿನಾ ಬೆಳಿಗ್ಗೆ ಕಿರುಚಿದರಂತೆ. ಗಂಟಲು ಬಾತು ದವಾಖಾನೆ ಸೇರಿದರಂತೆ. ಆಮೇಲೆ ಬಿಟ್ಟರು. ಶಿವಯೋಗ ಮಂದಿರದಲ್ಲಿ ಹೆಣ್ಣುಮಕ್ಕಳು ಭಜನೆಗೆ ಕೂತರೆ ಇವರು ದೂರ ಕೂತು ಬರೀ ತಾಳ ಹಾಕುತ್ತಿದ್ದರಂತೆ. ಇದನ್ನೆಲ್ಲ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿ, ಕೊನೆಗೆ ಜಲಾಲುದ್ದೀನನ ಕಡೆ ತಿರುಗಿದರು.

“ನಮ್ಮವ್ವ ಹಾಸಿಗಿ ಹಿಡಿದಿದ್ಲು. ಒಂದ ವಚನಾ ಅನ್ನವಾ, ಕೇಳಿ ಹೋಗ್ತೇನಿ ಅಂದ್ಲು. ದನಿ ಹೋಗೇತಿ ಬೇ ಅಂದೆ. ಮೂರ ದಿನ ಕೇಳಿದ್ಲು. ಮೂರೂ ದಿನ ಅದನ್ನ ಅಂದೆ.” ಗಂಟಲು ಮುಟ್ಟಿಕೊಂಡು ಅಂದರು, “ಹೋಗಿರಲಿಲ್ಲಲ್ರಿ ಅಣ್ಣಾರ. ಇಲ್ಲೇ ಇತ್ತಲ್ಲ.”

ಜಲಾಲುದ್ದೀನ ನೆಲಕ್ಕೆ ಕೈ ಊರಿದ. ಬಾಗಲಕೋಟೆಯ ಸ್ಟೇಜಿನ ಮೇಲೆ ನಿಂತು ಸಾವಿರ ಜನರ ಮುಂದೆ ನನ್ನ ತಪ್ಪು ಹೇಳುತ್ತೇನೆ, ಯೂಟ್ಯೂಬಿನಲ್ಲಿಯೂ ಹೇಳುತ್ತೇನೆ, ನೀವು ಹಾಡಬೇಕು ಅಂತ ಬೇಡಿದ. ನಾನೂ ಆಗಲೇ ನನ್ನ ಕಮೆಂಟಿನ ವಿಷಯ ಹೇಳಿ ಕೈ ಮುಗಿದೆ. ಓ, ಮಗ್ಗ ನಿಂತು ಹೋತು ಅಂದವರು ನೀವೇನು ಅಂದರು. ಅದು ಅವರಿಗೆ ಬಾಯಿಪಾಠ ಆಗಿತ್ತು.

ಆಮೇಲೆ ಅಕ್ಕಾರು ಮುಷ್ಟಿಯ ಶೇಂಗಾ ಮೊರಕ್ಕೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, ನೋಡೋಣು ಅಂದರು. ನೆಟ್ಟಗೆ ಕೂತರು. ಕೀಬೋರ್ಡಿಲ್ಲ, ಡ್ರಮ್ಮಿಲ್ಲ. ‘ಓಣಿ ದೀಪ’ದ ಮೊದಲ ಹಾಡು ಶುರು ಮಾಡಿದರು. ಆ ದನಿಯನ್ನು ಏನಂತ ಹೇಳಲಿ. ಡೆಕ್ಕಿನಲ್ಲಿ ಕೇಳಿದ್ದಕ್ಕಿಂತ ತುಂಬಿದ ದನಿ, ಎಲ್ಲೂ ಅವಸರವಿಲ್ಲ. ಜಲಾಲುದ್ದೀನ ಕಣ್ಣು ಮುಚ್ಚಿದ. ನನ್ನ ಕಣ್ಣಿಂದಲೂ ನೀರು ಇಳಿಯಿತು. ಬಾಗಲಕೋಟೆಗೆ ಬರುತ್ತಾರೆ, ಖಂಡಿತ ಬರುತ್ತಾರೆ ಅಂದುಕೊಂಡೆ.

ಅಷ್ಟರಲ್ಲಿ ಹಾಡು ನಿಂತಿತು. ನೋಡಿದರೆ ಅಕ್ಕಾರ ಕಣ್ಣು ನನ್ನ ತೊಡೆಯ ಮೇಲೆ. ನನಗೆ ಗೊತ್ತೇ ಇಲ್ಲದ ಹಾಗೆ ನನ್ನ ಬಲಗೈ ತೊಡೆಯ ಮೇಲೆ ಪೆಟ್ಟು ಹಾಕುತ್ತಿತ್ತು. ಮೂವತ್ತು ವರ್ಷ ಲಾಳಿ ಓಡಿಸಿದ ಕೈ. ಅವರು ಹಾಡು ನಿಲ್ಲಿಸಿದ ಮೇಲೂ ಅದು ಇನ್ನೆರಡು ಪೆಟ್ಟು ಹಾಕಿತು, ಜಲಾಲುದ್ದೀನನ ನಕಲಿನ ಲೆಕ್ಕಕ್ಕೆ.

“ತಮ್ಮಾ, ನೀ ಅಳಾಕತ್ತೀದಿ, ಖರೆ ಐತಿ,” ಅಂದರು ಅಕ್ಕಾರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನ ಕೈ ಮಾತ್ರ ಇನ್ನೂ ಆ ಎಳೇ ದನಿಯಾಕೀನ್ನ ಕೇಳಾಕತ್ತೈತಿ.”

ನಾನು ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಇನ್ನೊಮ್ಮೆ ಹಾಡ್ರಿ ಅಂದೆವು, ಬೇಡಿಕೊಂಡೆವು. ಎಲ್ಲ ಗೊತ್ತಿದ್ದು ಇಲ್ಲಿವರೆಗೆ ಬಂದವರ ಕೈಯೇ ಹೀಗೆ, ಅಲ್ಲಿ ಸಾವಿರ ಕೈ ಇರುತ್ತವೆ ಅಂತ ಅಂದು ಅವರು ಶೇಂಗಾದ ಮೊರ ಮುಂದೆ ಎಳೆದುಕೊಂಡರು. ಊಟ ಮಾಡಿಸದೆ ಕಳಿಸಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದರು.

“ಕೈ ನನ್ನ ಜೋಡಿ ಬಂದ ದಿನಾ ಬರ್ರಿ. ಹಾಡ್ತೇನಿ.”

ಬಾಗಲಕೋಟೆಯ ಕಾರ್ಯಕ್ರಮ ಆಗಲಿಲ್ಲ. ನನ್ನ ಕಮೆಂಟು ತೆಗೆದೆ. ಅದನ್ನು ಯಾರೂ ಗಮನಿಸಲಿಲ್ಲ. ಜಲಾಲುದ್ದೀನ ಹದಿನೆಂಟು ಲಕ್ಷದ ನಕಲನ್ನು ತೆಗೆದು ಅಸಲನ್ನು ಏರಿಸಿದ, ಕೆಳಗೆ ತನ್ನ ಹೆಸರು ಹಾಕಿ ತಪ್ಪು ಬರೆದ. ನಮ್ಮ ಹಾಡು ಕೆಡಿಸಬೇಡಿ, ಹಳೇದನ್ನೇ ಹಾಕಿ ಅಂತ ಜನ ಅವನನ್ನು ಬೈಯುತ್ತಿದ್ದಾರೆ. ಅವನು ಎಲ್ಲರಿಗೂ ಇದೇ ಹಳೇದು ಅಂತ ಉತ್ತರ ಬರೆಯುತ್ತಾನೆ.

ಈಗ ನಾನು ಮಗ್ಗದ ಮುಂದೆ ಅಸಲನ್ನೇ ಹಾಕುತ್ತೇನೆ, ದಿನಾ. ಕೈ ಮುಂದೆ ಓಡುತ್ತದೆ, ಹಿಡಿದು ತರುತ್ತೇನೆ, ಮತ್ತೆ ಓಡುತ್ತದೆ. ನೇಯ್ಗೆ ಅರ್ಧಕ್ಕೆ ಇಳಿದಿದೆ, ಹೆಂಡತಿ ಗೊಣಗುವುದನ್ನೂ ಬಿಟ್ಟಿದ್ದಾಳೆ. ಶುಕ್ರವಾರ ನಮಾಜು ಮುಗಿಸಿ ಜಲಾಲುದ್ದೀನ ಬಂದು ಕಟ್ಟೆಯ ಮೇಲೆ ಕೂರುತ್ತಾನೆ. ಒಂದು ಹಾಡು ಮುಗಿಯುವವರೆಗೆ ನನ್ನ ಕೈಯನ್ನೇ ನೋಡುತ್ತಾನೆ. ಬಂತೇನಲೇ ಅಂತ ಕೇಳುತ್ತಾನೆ. ಇನ್ನೂ ಇಲ್ಲ ಅನ್ನುತ್ತೇನೆ. ಅಕ್ಕಾರಿಗೆ ಈ ವರ್ಷ ಐವತ್ತೊಂಬತ್ತು.